ತಮ್ಮ ಆರಿಸಿದ ಪಾಲು

ಹಾರ್ಟೆನ್‌ಫೆಲ್ಸ್ ಸೀಮೆಯ ದೊರೆ ಓರ್ಟೋಲ್ಫ್ ಬಲು ಜಾಣ. ಅವನ ಗ್ರಹಚಾರವೂ ಅದೇ. ಅಪ್ಪ ತೀರಿಕೊಂಡ ಮೇಲೆ ಸೀಮೆ ಇಬ್ಭಾಗವಾಗಬೇಕಿತ್ತು. ಅಲ್ಲಿನ ಪದ್ಧತಿಯಂತೆ ಪಾಲು ಮಾಡುವುದು ಅಣ್ಣ, ಮೊದಲು ಆರಿಸಿಕೊಳ್ಳುವುದು ತಮ್ಮ. ಸಾಕ್ಷಿಗಳ ಮುಂದೆ ಒಮ್ಮೆ ಬಾಯಿಬಿಟ್ಟು ಆರಿಸಿದರೆ ಮುಗಿಯಿತು, ಚಕ್ರವರ್ತಿ ಬಂದರೂ ತಿದ್ದುವಂತಿಲ್ಲ.

ಓರ್ಟೋಲ್ಫ್ ಒಂದು ಪಾಲಿಗೆ ಹೊಳೆಯ ಕಣಿವೆ ಇಟ್ಟ, ಇನ್ನೊಂದಕ್ಕೆ ಬೆಟ್ಟದ ಕೋಟೆ. ಅವನಿಗೆ ಬೇಕಿದ್ದದ್ದು ಕಣಿವೆ. ದ್ರಾಕ್ಷಿ ತೋಟದ ಆಸೆಗಲ್ಲ. ಅಲ್ಲಿನ ಇಗರ್ಜಿಯಲ್ಲಿ ಇದ್ದೊಬ್ಬ ಮಗ ಎಬರ್ವಿನ್‌ನನ್ನು ಹೂತಿದ್ದರು. ಪಕ್ಕದಲ್ಲೇ ತನಗೂ ಹೆಂಡತಿ ಯುಟ್ಟಾಗೂ ಗೋರಿಕಲ್ಲು ಹಾಸಿಸಿಟ್ಟಿದ್ದ. ಯುಟ್ಟಾಗೆ ಕೆಮ್ಮು ಹತ್ತಿ ವರ್ಷವಾಗಿತ್ತು. "ಮಗೂ ಪಕ್ಕ ಮಲಗಿಸಿ, ನಾನು ಕೇಳೋದು ಅಷ್ಟೇ" ಅನ್ನುತ್ತಿದ್ದಳು.

ತಮ್ಮ ಗೆಬ್‌ಹಾರ್ಡ್ ಚಿಕ್ಕಂದಿನಲ್ಲಿ ಅಣ್ಣನ ತಟ್ಟೆಯಲ್ಲಿದ್ದದ್ದೇ ಬೇಕೆಂದು ರಚ್ಚೆ ಹಿಡಿಯುತ್ತಿದ್ದವನು. ಈಗಲೂ ಹಾಗೇ ಎಂದು ಓರ್ಟೋಲ್ಫ್ ಲೆಕ್ಕ ಹಾಕಿದ. ತನಗೆ ಬೆಟ್ಟವೇ ಪ್ರಾಣ ಎಂದು ತೋರಿಸಿಕೊಂಡರೆ ಅವನು ಅದನ್ನೇ ಕಿತ್ತುಕೊಳ್ಳುತ್ತಾನೆ. ಬೇಟೆನಾಯಿಗಳನ್ನು ಬೆಟ್ಟಕ್ಕೆ ಸಾಗಿಸಿದ, ಮಂಚ ಪೆಟ್ಟಿಗೆಗಳನ್ನು ಸಾಗಿಸಿದ. ನಂಬಿಕೆ ಬರಲೆಂದು ಹೆಂಡತಿಯನ್ನೂ ಕಳಿಸಿದ.

"ಈ ಚಳೀಲಿ ಅಲ್ಲಿ ನಾನು ಉಳೀತೀನೇನ್ರೀ?" ಎಂದಳು ಯುಟ್ಟಾ.

"ಅವನು ಆರಿಸೋವರೆಗೆ ಕಣೆ. ಮಗನಿಗೋಸ್ಕರ."

ಮಗನ ಹೆಸರೆತ್ತಿದ ಮೇಲೆ ಅವಳು ಗಾಡಿ ಹತ್ತಿದಳು. ಆ ಮಾತು ಆಡಲು ನಾಲಿಗೆ ಹೇಗೆ ಬಂತೋ ಪುಣ್ಯಾತ್ಮನಿಗೆ.

ಸಂತ ಮಾರ್ಟಿನನ ಹಬ್ಬದ ದಿನ ಗೆಬ್‌ಹಾರ್ಡ್ ಆರಿಸಲೆಂದು ಬೆಟ್ಟ ಹತ್ತಿ ಬರುವ ಹೊತ್ತಿಗೆ ಯುಟ್ಟಾ ಶವದ ಪೆಟ್ಟಿಗೆಯಲ್ಲಿದ್ದಳು. ಓರ್ಟೋಲ್ಫ್ ಎದೆ ಬಿರಿಯುವಂತೆ ಅತ್ತ. ಆದರೂ ಗುಟ್ಟು ಬಿಡಲಿಲ್ಲ. ಇವತ್ತೊಂದು ದಿನ ತಡೆದರೆ ಕಣಿವೆ ತನ್ನದು, ಅವಳನ್ನು ಮಗನ ಪಕ್ಕ ಮಲಗಿಸಬಹುದು.

ಪಾದ್ರಿಗಳೂ ಸರದಾರರೂ ಸಾಕ್ಷಿಗೆ ನಿಂತರು. ಗೆಬ್‌ಹಾರ್ಡ್ ಟೋಪಿ ತೆಗೆದು ಪೆಟ್ಟಿಗೆಗೆ ತಲೆಬಾಗಿ ಅಣ್ಣನ ಕಡೆ ತಿರುಗಿದ.

"ನಿಜ ಹೇಳ್ತೀನಿ ಅಣ್ಣ, ನಿನ್ನ ಹೊಟ್ಟೆ ಉರಿಸೋಕೆ ಬೆಟ್ಟಾನೇ ಕೇಳೋಣ ಅಂತ ಬಂದಿದ್ದೆ. ಅತ್ತಿಗೆ ಇಷ್ಟಪಟ್ಟು ಬಂದು ಕಣ್ಮುಚ್ಚಿದ ಮನೇನ ಈಗ ಹೆಂಗೆ ಕಿತ್ಕೊಳ್ಳಲಿ? ಇದು ನಿಂಗೇ ಇರ್ಲಿ. ನಾನು ಕಣಿವೆ ಆರಿಸ್ದೆ."

ಸಾಕ್ಷಿಗಳು ಕೈಯೆತ್ತಿದರು. ಓರ್ಟೋಲ್ಫ್ ತಮ್ಮನ ತೋಳು ಹಿಡಿದುಕೊಂಡ. ಹೆಂಡತಿ ಕೇಳಿಕೊಂಡದ್ದು, ತಾನು ಹೂಡಿದ ಆಟ, ಎಲ್ಲವನ್ನೂ ಅಳುತ್ತಲೇ ಒದರಿಬಿಟ್ಟ.

ಗೆಬ್‌ಹಾರ್ಡ್‌ನ ಮುಖ ಕಪ್ಪಿಟ್ಟಿತು. "ಕಾಯಿಲೆ ಹೆಂಗಸನ್ನ ಈ ಗಾಳಿಗೆ ತಂದ್ಹಾಕಿದ್ದು ನಂಗೆ ಮೋಸ ಮಾಡೋಕಾ? ಬಾಯಿಬಿಟ್ಟು ಕೇಳಿದ್ರೆ ಕೊಡ್ತಿದ್ನಲ್ಲೋ. ಆ ಮಗು ನನ್ನ ತೊಡೆ ಮೇಲೆ ಆಡಿದ್ದು."

"ತಮ್ಮಾ..."

"ಅತ್ತಿಗೆ ನನ್ನ ಜೊತೆ ಬರ್ತಾರೆ. ಮಗೂ ಪಕ್ಕಾನೇ ಮಲಗಿಸ್ತೀನಿ. ನೀನು ಮಾತ್ರ ಬದುಕಿದ್ದಾಗ್ಲೂ ಸತ್ತಮೇಲೂ ನನ್ನ ನೆಲಕ್ಕೆ ಬರಕೂಡದು."

ಪೆಟ್ಟಿಗೆ ಹೇರಿದ ಗಾಡಿ ಇಳಿಜಾರಿನ ದಾರಿ ಹಿಡಿಯಿತು. ಓರ್ಟೋಲ್ಫ್ ಕೋಟೆ ಬಾಗಿಲವರೆಗೆ ಅದರ ಹಿಂದೆ ಹೋದ. ಅಲ್ಲಿಂದಾಚೆ ತಮ್ಮನ ಆಳುಗಳು ಬಿಡಲಿಲ್ಲ.

ಆಮೇಲೂ ಅವನು ಬಹಳ ವರ್ಷ ಬದುಕಿದ. ಕಣಿವೆಯಲ್ಲಿ ಅವನಿಗೆಂದು ಹಾಸಿದ್ದ ಕಲ್ಲಿನಡಿ, ಯುಟ್ಟಾಳ ಪಕ್ಕದಲ್ಲಿ, ಕೊನೆಗೆ ಗೆಬ್‌ಹಾರ್ಡ್‌ನನ್ನು ಹೂತರು.