ಹಿಂದಿನ ಸಾಲಿನಿಂದ ಬಂದ ಪ್ರಶ್ನೆ

“ಖಲ್ಫಾನ್ ಆದ ಮೇಲೆ ನೀನು, ರಯ್ಯಾ,” ಎಂದು ಅಧ್ಯಾಪಕಿ, ಉಸ್ತಾದಾ ಬಸ್ಮಾ, ಹೇಳಿದಾಗ ರಯ್ಯಾ ತಲೆ ತಗ್ಗಿಸಿದಳು. ನಿಜ್ವಾ ಪಟ್ಟಣದ ಕಾಲೇಜಿನ ಆ ಇಂಗ್ಲಿಷ್ ತರಗತಿಯಲ್ಲಿ ಹುಡುಗರು ಮುಂದೆ, ಹುಡುಗಿಯರು ಹಿಂದೆ. ಗೋಡೆಗೆ ಬೆನ್ನು ಹಚ್ಚಿ ಕೂತಿದ್ದ ಅವಳು ಕಪ್ಪು ನಿಲುವಂಗಿ ಅಬಾಯಾದ ತೋಳಿನೊಳಗೆ ಬೆರಳು ಹಿಸುಕಿಕೊಂಡಳು.

“ಮನೆಯವರೊಬ್ಬರ ಬಗ್ಗೆ ನಾಲ್ಕು ಮಾತು, ಅಷ್ಟೇ ಕಣೇ,” ಪಕ್ಕದ ನಸ್ರಾ ಪಿಸುಗುಟ್ಟಿದಳು. “ಒದರಿ ಕೂತ್ಕೋ. ಇವತ್ತೂ ಬಾಯಿ ಬಿಡದಿದ್ರೆ ಫೇಲ್ ಮಾಡ್ತಾರಂತೆ.”

“ಬಿಟ್ರೆ ನಗ್ತಾರಲ್ಲ.”

ನಕ್ಕಿದ್ದರು. ಕಾಲೇಜು ಸೇರಿದ ಹೊಸದರಲ್ಲಿ, ಅಪ್ಪ ಕಾರು ಪಾರ್ಕ್ ಮಾಡುತ್ತಾನೆ ಎನ್ನಲು ಹೋಗಿ ಅವಳು ‘ಬಾರ್ಕ್’ ಎಂದಿದ್ದಳು. ಅರಬಿಯಲ್ಲಿ ‘ಪ’ಕಾರವೇ ಇಲ್ಲ, ಬೆಟ್ಟದ ಮೇಲಿನ ಅವಳ ಶಾಲೆಯಲ್ಲಿ ಅದನ್ನು ಯಾರೂ ತಿದ್ದಿರಲಿಲ್ಲ. ಮಸ್ಕತ್‌ನ ದೊಡ್ಡ ಶಾಲೆಯಲ್ಲಿ ಓದಿಬಂದ ಖಲ್ಫಾನ್ ಹಿಂದಿರುಗಿ, “ನಿಮ್ಮಪ್ಪ ಕಾರಿಗೆ ಬೊಗಳ್ತಾರಾ? ಕಚ್ಚೋದಿಲ್ಲ ತಾನೆ?” ಎಂದಿದ್ದ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಅಂದಿನಿಂದ ಅವಳು ಹಾಜರಿಗೆ ಕೈ ಎತ್ತುತ್ತಿದ್ದಳೇ ಹೊರತು ದನಿ ಎತ್ತುತ್ತಿರಲಿಲ್ಲ.

ಈಗ ಅದೇ ಖಲ್ಫಾನ್ ಬಿಳಿ ಹಲಗೆಯ ಮುಂದೆ ನಿಂತು ಟೋಪಿ ಸರಿಮಾಡಿಕೊಂಡ. “ಮೈ ಗ್ರಾಂಡ್‌ಫಾದರ್...” ಎಂದ. ಮತ್ತೆ ಅದನ್ನೇ ಹೇಳಿದ, ಮತ್ತೆ ಅಲ್ಲಿಗೇ ನಿಂತ.

“ಏನೋ, ಬ್ಯಾಟರಿ ಹೋಯ್ತಾ?” ಮುಂದಿನ ಸಾಲಿನಿಂದ ಯಾರೋ ಕೂಗಿದರು. ಕಿಸಿಕಿಸಿ ಶುರುವಾಯಿತು. ನಸ್ರಾ ಮೊಣಕೈಯಿಂದ ತಿವಿದಳು. “ನಗೇ! ಇವತ್ತು ನಿನ್ನ ಸರದಿ.”

ರಯ್ಯಾಳಿಗೂ ನಗು ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವನ ಕಣ್ಣು ಬಾಗಿಲ ಕಡೆ ಹೋದದ್ದನ್ನು ಕಂಡಳು. ಓಡಿಹೋಗಲು ದಾರಿ ಹುಡುಕುವ ಆ ನೋಟ ಅವಳಿಗೆ ಹೊಸದಲ್ಲ.

“ಯುವರ್ ಗ್ರಾಂಡ್‌ಫಾದರ್,” ಎಂದು ಯಾರದೋ ದನಿ ಕೇಳಿಸಿತು, ಅವಳದೇ. “ಹಿ ಕ್ಲೈಂಬ್ ದ ಬಾಮ್?”

ತನ್ನೂರಿನ ತಾತಂದಿರ ಹಾಗೆ ಖರ್ಜೂರದ ಮರ ಹತ್ತುತ್ತಾರಾ ಎಂದು ಅವಳು ಕೇಳಿದ್ದು. ಬರೀ ‘ಟ್ರೀ’ ಎಂದಿದ್ದರೂ ಸಾಕಿತ್ತು. ‘ಪಾಮ್’ ಎನ್ನಲು ಹೋಗಿ ಸಿಕ್ಕಿಬಿದ್ದಳು.

“ಬಾಂಬ್ ಮೇಲೆ ಹತ್ತೋ ತಾತ ಕಣ್ರೋ!” ತರಗತಿ ಹೋ ಎಂದಿತು. ಅವಳ ಕಿವಿ ಕೆಂಪಾದವು.

ಖಲ್ಫಾನ್ ಮಾತ್ರ ನಗಲಿಲ್ಲ. “ಎಸ್,” ಎಂದ. “ಬಿಫೋರ್. ನೌ, ನೋ. ಹಿ... ಹಿ ಫಾಲ್.”

ನಗು ಅರ್ಧಕ್ಕೇ ನಿಂತಿತು. ಸದಾ ನೀರಿನಂತೆ ಹರಿಯುತ್ತಿದ್ದ ಅವನ ಇಂಗ್ಲಿಷ್ ತುಂಡು ತುಂಡಾಗಿ ಬಿತ್ತು. ತಾತ ಒಣಗರಿ ಕಡಿಯಲು ಮರ ಹತ್ತಿದ್ದರು. ಶುಕ್ರವಾರ. ತಾನು ಈ ನಾಲ್ಕು ಮಾತು ಉರು ಹೊಡೆದದ್ದು ಅದಕ್ಕೂ ಮುಂಚೆ. ಆಸ್ಪತ್ರೆಯಲ್ಲಿ ತಾತ ತನ್ನನ್ನು, ಎಂದೋ ಸತ್ತುಹೋದ ಅವರ ತಮ್ಮನ ಹೆಸರಿನಿಂದ ಕರೆಯುತ್ತಾರೆ. ತಾನು ಓಗೊಡುತ್ತೇನೆ. ಕ್ರಿಯಾಪದಗಳೆಲ್ಲ ಕಾಲ ತಪ್ಪಿದ್ದವು. ಉಸ್ತಾದಾ ಬಸ್ಮಾ ತಪ್ಪು ಗುರುತಿಸುತ್ತಿದ್ದ ಪೆನ್ನಿಗೆ ಮುಚ್ಚಳ ಹಾಕಿದರು.

ಅವನು ಹೋಗಿ ಮುಂದಿನ ಸಾಲಿನ ತನ್ನ ಕುರ್ಚಿಯಲ್ಲಿ ಕೂತ.

“ರಯ್ಯಾ,” ಎಂದರು ಉಸ್ತಾದಾ, ಮೆಲ್ಲಗೆ. “ನಾಳೆ ಮಾತಾಡ್ತೀಯೇನಮ್ಮಾ?”

“ಬೇಡ, ಉಸ್ತಾದಾ. ಈಗಲೇ.”

ಹಲಗೆಯವರೆಗೆ ಹೋಗಲಿಲ್ಲ. ಇದ್ದಲ್ಲೇ ಎದ್ದು ನಿಂತಳು. “ಮೈ ಮದರ್,” ಎಂದಳು. ಮುಂದಿನ ಪದ ನಾಲಿಗೆಗೆ ಅಂಟಿಕೊಂಡಿತು. ಮುಂದಿನ ಸಾಲಿನಲ್ಲಿ ಕುರ್ಚಿಯೊಂದು ನೆಲಕ್ಕೆ ಕಿರ್ರನೆ ಉಜ್ಜಿತು. ಖಲ್ಫಾನ್ ಹಲಗೆಗೆ ಬೆನ್ನು ಮಾಡಿ, ಅವಳ ಕಡೆ ತಿರುಗಿ, ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತ.