ದೊಡ್ಡಕ್ಕನ ಸ್ಟೂಲು

ಹೋಟೆಲುಗಳ ಬಟ್ಟೆ ಒಗೆದು ಇಸ್ತ್ರಿ ಮಾಡುವ ನಮ್ಮ ಕಾರ್ಖಾನೆಯ ತಳ್ಳುಗಾಡಿಗೆ ನಾಲ್ಕು ಚಕ್ರ. ತಿರುಗುತ್ತಿದ್ದುದು ಮೂರೇ. ಒಂದು ದಿನ ಒದ್ದೆ ಬೆಡ್‌ಶೀಟು ಹೇರಿದ್ದ ಆ ಗಾಡಿ ಅಡ್ಡಾದಿಡ್ಡಿ ತಿರುಗಿ ದೊಡ್ಡಕ್ಕನ ಬಲಗಾಲಿನ ಮೇಲೆ ಹತ್ತಿತು. ದೊಡ್ಡಕ್ಕ ನಮ್ಮೆಲ್ಲರಿಗಿಂತ ಹಳಬಳು. ಇಪ್ಪತ್ತೆರಡು ವರ್ಷ ನಿಂತೇ ಇಸ್ತ್ರಿ ಮಾಡಿದವಳು. ಅವಳ ಪಕ್ಕದ ಮೇಜು ನನ್ನದು.

ಮ್ಯಾನೇಜರು ಓಡಿ ಬಂದ. ಮೊದಲು ಬೆಡ್‌ಶೀಟಿಗೆ ರಕ್ತ ಹತ್ತಿದೆಯೇ ಎಂದು ನೋಡಿದ.

"ಮುಲಾಮು ಹಚ್ಕೊಳ್ಳಮ್ಮ. ಮದುವೆ ಸೀಸನ್ನು, ರಜ ಮಾತ್ರ ಕೇಳ್ಬೇಡ."

ದೊಡ್ಡಕ್ಕ ಮುಲಾಮು ಹಚ್ಚಿಕೊಂಡು ಒಂದು ವಾರ ನಿಂತಳು. ಬೆರಳುಗಳು ಇದ್ದಲಿನಂತಾದವು. ನಾನೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

"ಬೆರಳು ಸತ್ತೋಗಿವೆ. ಪಾದದ ಮುಂದಿನರ್ಧ ತೆಗೀಲೇಬೇಕು. ಹಿಂದಿನರ್ಧ ಉಳಿಸ್ತೀನಿ," ಎಂದರು ಡಾಕ್ಟರಮ್ಮ.

"ಹಿಮ್ಮಡಿ ಉಳಿಸಿ ತಾಯಿ. ಬಿರುಕು ಬಿಟ್ಟಿದ್ರೂ ನಂದೇ ಅಲ್ವಾ."

ಆಪರೇಷನ್ ಆದ ಮೇಲೆ ಮೂರು ವಾರ ಕಾಲು ಊರುವಂತಿರಲಿಲ್ಲ. ನೋಡಲು ಹೋದಾಗ ಗಂಡನಿಗೆ ಹೇಳುತ್ತಿದ್ದಳು: "ಹೆಬ್ಬೆರಳು ಕೆರೀತಿದೆ ಕಣ್ರೀ."

"ಅದಿಲ್ವಲ್ಲೇ."

"ಇಲ್ದೇ ಇದ್ರೂ ಕೆರೀತದೆ, ನಾನೇನ್ಮಾಡ್ಲಿ?"

ಪಾಪ, ಅವನು ಬೆರಳಿರಬೇಕಾಗಿದ್ದ ಜಾಗದಲ್ಲಿ ಹಾಸಿಗೆಯನ್ನೇ ಕೆರೆದ. "ಇನ್ನೊಂಚೂರು ಎಡಕ್ಕೆ," ಎಂದಳು. ಮೂವರೂ ನಕ್ಕೆವು. ನಗುತ್ತಲೇ ಅವಳು ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು.

ಗಾಯ ಮಾಗಿತು. ಬೂಟಿನ ಮುಂಭಾಗಕ್ಕೆ ಸ್ಪಂಜು ತುರುಕಿ, ಕೋಲು ಹಿಡಿದು ನಡೆಯಲು ಕಲಿತಳು. ಪರಿಹಾರದ ಕಚೇರಿಗೆ ಹೋದೆವು. ಗುಮಾಸ್ತ ಫಾರಂನಿಂದ ತಲೆ ಎತ್ತಲಿಲ್ಲ.

"ಪಾದ ಇದೆಯೋ, ಇಲ್ವೋ?"

"ಅರ್ಧ ಇದೆ ಸ್ವಾಮಿ."

"ಫಾರಂನಲ್ಲಿ ಅರ್ಧ ಇಲ್ಲ."

"ನನ್ನ ಕಾಲಲ್ಲಿದೆ, ಬಗ್ಗಿ ನೋಡಿ."

ಅವನು ಬಗ್ಗಲಿಲ್ಲ. 'ಇದೆ' ಎಂಬಲ್ಲಿ ಗುರುತು ಹಾಕಿ ಕಳಿಸಿದ.

ಹೊಟ್ಟೆ ಕೇಳಬೇಕಲ್ಲ, ಮತ್ತೆ ಕೆಲಸಕ್ಕೆ ಬಂದಳು. ಬೆರಳಿಲ್ಲದ ಪಾದಕ್ಕೆ ಹಿಡಿತವಿಲ್ಲ. ಮೇಜಿನ ಮೇಲೆ ಬಾಗಿದರೆ ಮುಗ್ಗರಿಸುತ್ತಿದ್ದಳು. ಎರಡನೇ ದಿನ ಮನೆಯಿಂದ ಒಂದು ಸ್ಟೂಲು ತಂದು ಕೂತಳು. ಇಸ್ತ್ರಿ ಮೊದಲಿನಷ್ಟೇ ಬೇಗ ಸಾಗಿತು.

ಮ್ಯಾನೇಜರು ಬಂದ. "ಇಲ್ಲಿ ಕೂರೋ ಹಾಗಿಲ್ಲ."

"ಯಾಕೆ ಸಾರ್? ಕೈಯಲ್ವಾ ಇಸ್ತ್ರಿ ಮಾಡೋದು?"

"ನೀನು ಕೂತ್ರೆ ಎಲ್ರಿಗೂ ಕೂರ್ಬೇಕು ಅನ್ಸುತ್ತೆ."

ಸ್ಟೂಲನ್ನು ಎತ್ತಿಕೊಂಡು ಹೋಗಿ ತನ್ನ ಕೋಣೆಯಲ್ಲಿಟ್ಟು ಬೀಗ ಹಾಕಿದ. ಸತ್ಯ ಹೇಳಬೇಕೆಂದರೆ, ಅಲ್ಲಿಯವರೆಗೆ ನಮಗ್ಯಾರಿಗೂ ಕೂರಬೇಕು ಅನಿಸಿರಲಿಲ್ಲ. ಅವನು ಹೇಳಿದ ಮೇಲೆ ಮಂಡಿ, ಸೊಂಟ, ಮೀನಖಂಡ ಎಲ್ಲಕ್ಕೂ ಒಟ್ಟಿಗೇ ಜ್ಞಾಪಕ ಬಂತು.

ಮಾರನೇ ದಿನ ಬೆಳಿಗ್ಗೆ ದೊಡ್ಡಕ್ಕ ಬೆಡ್‌ಶೀಟಿನ ಗಂಟೊಂದನ್ನು ಎಳೆದುಕೊಂಡು ಅದರ ಮೇಲೆ ಕೂತಳು. ನಾನೂ ಒಂದನ್ನು ಎಳೆದುಕೊಂಡೆ. ಮೂಲೆಯ ಮೇಜಿನ ಬಸುರಿ ಹುಡುಗಿ ಕೂತಳು. ಆಮೇಲೆ ಸಾಲು ಪೂರ್ತಿ ಕೂತಿತು, ಹದಿನೆಂಟು ಜನ. ಹೋಟೆಲಿನ ಹಾಸಿಗೆ ಇಷ್ಟು ಮೆತ್ತಗಿರುತ್ತದೆಂದು ನಮಗೆ ಗೊತ್ತಾದದ್ದೇ ಆವತ್ತು.

ಮ್ಯಾನೇಜರು ಬಾಗಿಲಲ್ಲೇ ನಿಂತುಬಿಟ್ಟ. "ಏನಿದು? ನಿಮ್ಗೆಲ್ಲ ಕಾಲು ನೆಟ್ಟಗಿದೆ ತಾನೇ?"

"ಇನ್ನೂ ಇದೆ ಸಾರ್," ಎಂದೆ. "ಅದನ್ನ ಉಳಿಸ್ಕೊಳ್ಳೋಕೇ ಕೂತಿದೀವಿ."