ಒಂದೇ ಕಲ್ಲಿನಲ್ಲಿ ಕುಟ್ಟಿದ ಮದ್ದು

ನಾನು ಒಂದು ಕಲ್ಬತ್ತು. ಏಲಕ್ಕಿ ಕುಟ್ಟಲು ಒಲೆಯ ಪಕ್ಕ ಇಟ್ಟುಕೊಳ್ಳುವ ಪುಟಾಣಿ ಜಾತಿಯವನಲ್ಲ. ನನ್ನನ್ನು ಎತ್ತಲು ಎರಡು ಕೈ ಬೇಕು. ರಾಮನಗರದ ಬಂಡೆಯಿಂದ ಸಿಡಿದ ಒಂದು ತುಂಡನ್ನು ಕಲ್ಲುಕುಟಿಗನೊಬ್ಬ ಕೂತು ಕೊರೆದು ನನಗೊಂದು ಹೊಟ್ಟೆ ತೋಡಿದ. ಜೊತೆಗೆ ಕುಟ್ಟಲು ಒಂದು ಗುಂಡುಕಲ್ಲು ಮಾಡಿಕೊಟ್ಟ. ಇಷ್ಟಗಲ ಬಾಯಿ ಕೊಟ್ಟವನು ಮಾತು ಮಾತ್ರ ಕೊಡಲಿಲ್ಲ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಸಂತೆಯಲ್ಲಿ ನನ್ನನ್ನು ಕೊಂಡವಳು ಚೆನ್ನಾಜಮ್ಮ. ರೇಷ್ಮೆ ಗೂಡಿನಿಂದ ನೂಲು ಬಿಚ್ಚುವವರ ಕೇರಿಯಲ್ಲಿ ನಾಟಿ ಮದ್ದು ಕೊಡುತ್ತಿದ್ದ ವಿಧವೆ. ಕೆಮ್ಮಿಗೆ ಶುಂಠಿ, ಹಿಪ್ಪಲಿ, ಹೊಟ್ಟೆಯುಬ್ಬರಕ್ಕೆ ಓಮ. ಮಂಡಿನೋವಿನವರಂತೂ ಬಾಗಿಲಲ್ಲಿ ಸದಾ ಇದ್ದೇ ಇರುತ್ತಿದ್ದರು. ಆ ಕೇರಿಯ ಹೆಂಗಸರು ಗೂಡು ಬೇಯುವ ಕುದಿನೀರಿನ ಬೇಸಿನ್ ಮುಂದೆ ಬೆಳಗಿನಿಂದ ಸಂಜೆಯವರೆಗೆ ನಿಂತೇ ದುಡಿಯುತ್ತಾರೆ. ಅವರಿಗೆಲ್ಲ ಲಕ್ಕಿ ಸೊಪ್ಪು ಜಜ್ಜಿ, ಬಿಸಿ ಮಾಡಿ ಪಟ್ಟು ಹಾಕುತ್ತಿದ್ದಳು. ಹಾಯೆನಿಸುತ್ತಿತ್ತು, ನಿಧಾನವಾಗಿ.

ಅವಳ ಮದ್ದು ಎಲ್ಲವನ್ನೂ ಗೆಲ್ಲುತ್ತಿತ್ತೆಂದು ನಾನು ಬಡಾಯಿ ಕೊಚ್ಚುವುದಿಲ್ಲ. ಕಾಮಾಲೆಯಾದ ಒಬ್ಬ ಹುಡುಗನಿಗೆ ನೆಲನೆಲ್ಲಿ ಅರೆದು ಕುಡಿಸುತ್ತಾ ಕೂತಳು. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಕೈ ಮೀರಿತ್ತು. ಆಮೇಲೆ ಕಣ್ಣು ಹಳದಿಯಾದವರು ಬಂದರೆ ಅವಳು ನನ್ನನ್ನು ಮುಟ್ಟದೆ ಆಸ್ಪತ್ರೆಯ ದಾರಿ ತೋರಿಸುತ್ತಿದ್ದಳು.

ವಯಸ್ಸಾದ ಮೇಲೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಯಾವ ಸೊಪ್ಪೂ ಆ ನೋವಿಗೆ ತಾಗಲಿಲ್ಲ. ಆಸ್ಪತ್ರೆಯವರು ಕೊಟ್ಟ ನೋವಿನ ಮಾತ್ರೆ ನುಂಗಿದ ಮೇಲೆ ಮುದುಕಿ ಮಗುವಿನಂತೆ ನಿದ್ದೆ ಮಾಡಿದಳು. ಅವಳ ಮಗ ಕೆಂಪರಾಜು ಪಕ್ಕದಲ್ಲಿ ಕೂತು ಇದನ್ನು ಕಣ್ಣು ಬಿಟ್ಟುಕೊಂಡು ನೋಡಿದ. ಊಟ ಆದ ಮೇಲೇ ಕೊಡಬೇಕು, ಹೆಚ್ಚು ದಿನ ಕೊಡಬಾರದು, ಕಿಡ್ನಿಗೆ ಪೆಟ್ಟು ಎಂದು ಡಾಕ್ಟರು ಹೇಳಿದ್ದರಂತೆ. ಅದು ಅವನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು.

ಚೆನ್ನಾಜಮ್ಮ ತೀರಿಕೊಂಡ ಮೇಲೆ ಗುಂಡುಕಲ್ಲು ಮಗನ ಕೈಗೆ ಬಂತು. ಜನ ಮೂಗು ಮುರಿಯತೊಡಗಿದರು. ಅಮ್ಮನ ಕೈಗುಣ ಮಗನಿಗೆ ಬರಲಿಲ್ಲ ಎಂದರು. ಒಂದು ದಿನ ಅವನು ಬಾಗಿಲು ಮುಂದೆ ಮಾಡಿ, ಜೇಬಿನಿಂದ ಅಮ್ಮನಿಗೆ ಕೊಟ್ಟಂಥವೇ ಬಿಳಿ ನೋವಿನ ಮಾತ್ರೆಗಳನ್ನು ತೆಗೆದು ನನ್ನ ಹೊಟ್ಟೆಗೆ ಸುರಿದ. ಕುಟ್ಟಿ ನುಣ್ಣಗೆ ಮಾಡಿ, ಮೇಲೆ ಶುಂಠಿ, ಮೆಂತ್ಯ, ಒಣಗಿದ ಲಕ್ಕಿ ಸೊಪ್ಪು ಹಾಕಿ ಕಲಸಿದ. ಬಿಳಿ ಬಣ್ಣ ಕಂದು ಪುಡಿಯೊಳಗೆ ಮಾಯವಾಯಿತು.

"ಜನಕ್ಕೆ ನೋವು ಹೋದ್ರೆ ಸಾಕು," ಎಂದು ತನಗೆ ತಾನೇ ಹೇಳಿಕೊಂಡ.

ನೋವು ಹೋಯಿತು. ಕೆಂಪರಾಜನ ಮಂಡಿಪುಡಿ ಮನೆಮಾತಾಯಿತು. ಬೇರಿನ ಮದ್ದು ತಾನೇ, ಏನೂ ಆಗುವುದಿಲ್ಲ ಎಂದು ಜನ ಸಕ್ಕರೆ ತಿಂದ ಹಾಗೆ ತಿಂದರು. ಅದನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಅವನ ಹೆಂಡತಿ ಹೊಂಬಾಳಮ್ಮ. ಅವಳೂ ಬೇಸಿನ್ ಮುಂದೆ ನಿಲ್ಲುವವಳೇ. ಬೆಳಗ್ಗೆ ಸಂಜೆ ಬಿಸಿನೀರಿನಲ್ಲಿ ಪುಡಿ ಕದಡಿ ಕುಡಿದು, ನಮ್ಮ ಮನೆಯವರ ಮದ್ದು ಎಂದು ಹೆಮ್ಮೆಯಿಂದ ಬೀಗುತ್ತಿದ್ದಳು. ಪುಡಿಯ ಗುಟ್ಟನ್ನು ಅವನು ಅವಳಿಗೂ ಬಿಟ್ಟುಕೊಟ್ಟಿರಲಿಲ್ಲ.

ಸ್ವಲ್ಪ ಕಾಲಕ್ಕೆ ಅವಳ ನೋವು ಮರಳಿ ಬಂತು. ಒಂದು ಮಧ್ಯಾಹ್ನ ಗಂಡ ಸೊಪ್ಪು ತರಲು ಹೋಗಿದ್ದಾಗ ಹೊಂಬಾಳಮ್ಮ ಸೆರಗಿನ ಗಂಟು ಬಿಚ್ಚಿದಳು. ಮೆಡಿಕಲ್ ಸ್ಟೋರಿನಿಂದ ತಂದ ನೋವಿನ ಮಾತ್ರೆಗಳು. ಇಡೀ ಮಾತ್ರೆ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ವಾಕರಿಕೆ ಬರುತ್ತಿತ್ತು. ಅದಕ್ಕೇ ನನ್ನ ಹೊಟ್ಟೆಗೆ ಹಾಕಿ ಗುಂಡುಕಲ್ಲೆತ್ತಿದಳು.

"ಅವ್ರಿಗೆ ಗೊತ್ತಾದ್ರೆ ನೊಂದ್ಕೋತಾರೆ," ಎಂದಳು, ಎದುರಿಗೆ ಯಾರೋ ಇದ್ದ ಹಾಗೆ. "ಕಟ್ಕೊಂಡೋಳಿಗೇ ಹತ್ತದ ಮದ್ದು ಊರಿಗೇನು ಹತ್ತೀತು ಅಂತ ಜನ ಆಡ್ಕೋತಾರೆ."

ಅಯ್ಯೋ ತಾಯಿ, ಅದೇ ಮಾತ್ರೆ, ಬೆಳಗ್ಗೆ ನೀನು ಕುಡಿದದ್ದೂ ಅದೇ! ನನ್ನೊಳಗೆ ಇಷ್ಟೊಂದು ಕೂಗು ಇತ್ತೆಂದು ನನಗೇ ಗೊತ್ತಿರಲಿಲ್ಲ. ಬೆಳಗ್ಗೆ ಅವನು ಕುಟ್ಟಿದ್ದರ ಬಿಳಿಹುಡಿ ನನ್ನ ಗೀರುಗಳಲ್ಲಿ ಇನ್ನೂ ಅಂಟಿಕೊಂಡಿತ್ತು. ಅದರ ಮೇಲೆಯೇ ಅವಳು ಕುಟ್ಟಿದಳು. ಒಡೆದು ಹೋಳಾದರೂ ಆಗಬಾರದೇ ಎಂದು ಬೇಡಿಕೊಂಡೆ. ಗಟ್ಟಿ ಕಲ್ಲು ನೋಡಿ, ಒಡೆಯಲಿಲ್ಲ.

ಹೀಗೆ ಅವನು ಬೆಳಗ್ಗೆ ಕದ್ದು ಕುಟ್ಟಿದ, ಅವಳು ಮಧ್ಯಾಹ್ನ ಕದ್ದು ಕುಟ್ಟಿದಳು. ಹೊಂಬಾಳಮ್ಮನ ಪಾದ ಊದಿತು. ಕೆಂಪರಾಜು ಒತ್ತಿ ನೋಡಿ, ಮಂಡಿಯ ನೀರು ಕೆಳಗಿಳಿದಿದೆ ಎಂದು ಪುಡಿಯ ಅಳತೆ ಹೆಚ್ಚಿಸಿದ. ಪ್ರೀತಿಯಿಂದಲೇ ಹೆಚ್ಚಿಸಿದ, ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಅವಳ ಮುಖ ಊದಿತು, ಅನ್ನ ಕಂಡರೆ ವಾಕರಿಕೆ ಬಂತು. ಕೊನೆಗೆ ಬೇಸಿನ್ ಮುಂದೆಯೇ ಕುಸಿದುಬಿದ್ದಳು. ಆಟೋದಲ್ಲಿ ಆಸ್ಪತ್ರೆಗೆ ಒಯ್ದರೆಂದು ಅಕ್ಕಪಕ್ಕದವರು ಮಾತಾಡಿಕೊಂಡರು.

ಅವಳು ಮನೆಗೆ ಬರುವಾಗ ಕತ್ತಿನಲ್ಲಿ ರಕ್ತ ಶುದ್ಧಿ ಮಾಡಲು ಹಾಕಿದ ನಳಿಕೆಯಿತ್ತು. ಎರಡು ಕಿಡ್ನಿಯೂ ಸೋತಿದ್ದವು. ಚಾಪೆಯ ಮೇಲೆ ಮಲಗಿ ಸೂರು ನೋಡುತ್ತಿದ್ದವಳು ಗಂಡನನ್ನು ಕರೆದಳು.

"ನೋವಿಗೆ ಏನ್ ತಗೋತಿದ್ದೆ ಅಂತ ಡಾಕ್ಟ್ರು ಕೇಳಿದ್ರು. ಬರೀ ಬೇರಿನ ಪುಡಿ ಅಂದ್ಬಿಟ್ಟೆ. ಸುಳ್ಳು. ನಿಮಗೆ ಗೊತ್ತಿಲ್ದಂಗೆ ಮಾತ್ರೆನೂ ಕುಟ್ಕೊಂಡು ಕುಡೀತಿದ್ದೆ. ಈ ಕಲ್ಲಲ್ಲೇ."

ಕೆಂಪರಾಜು ನನ್ನ ಕಡೆ ತಿರುಗಿದ.

"ನನ್ನನ್ನೂ ಕೇಳಿದ್ರು," ಎಂದ. "ನಾನೂ ಬರೀ ಬೇರು ಅಂದೆ. ಪುಡೀಲಿ ಮಾತ್ರೆ ಇತ್ತು ಕಣೆ. ಮೊದ್ಲಿಂದ್ಲೂ ಇತ್ತು."

ಹೊಂಬಾಳಮ್ಮ ಬೈಯಲಿಲ್ಲ. "ನಂಗಾದ್ರೂ ಹೇಳ್ಬೋದಿತ್ತು," ಎಂದಳು. ಅವನು ಅವಳ ಊದಿದ ಪಾದ ಹಿಡಿದುಕೊಂಡು ಅತ್ತ.

ಮರುದಿನ ಅವನೇ ಹೋಗಿ ಡಾಕ್ಟರ ಮುಂದೆ ಎಲ್ಲವನ್ನೂ ಒಪ್ಪಿಕೊಂಡು ಬಂದ. ಕಾಲು ಊದಿದಾಗಲೇ ಹೇಳಿದ್ದರೆ ಏನಾದರೂ ಮಾಡಬಹುದಿತ್ತು, ಈಗ ಡಯಾಲಿಸಿಸ್ ಬಿಟ್ಟರೆ ದಾರಿಯಿಲ್ಲ ಎಂದರಂತೆ. ಕೆಂಪರಾಜು ಪುಡಿಯನ್ನೆಲ್ಲ ಚರಂಡಿಗೆ ಸುರಿದ. ನನ್ನನ್ನು ತಿಕ್ಕಿ ತೊಳೆದು ಜಗಲಿಯ ಮೂಲೆಯಲ್ಲಿ ಬೋರಲು ಹಾಕಿದ. ಅಂದಿನಿಂದ ಇಲ್ಲೇ ಇದ್ದೇನೆ.

ಬೇರೂ ಮದ್ದೇ, ಮಾತ್ರೆಯೂ ಮದ್ದೇ. ಎರಡೂ ನನ್ನ ಹೊಟ್ಟೆಯಲ್ಲಿ ಪುಡಿಯಾಗಿವೆ, ಎರಡೂ ಜನರನ್ನು ಎಬ್ಬಿಸಿ ಕೂರಿಸಿದ್ದನ್ನು ಕಂಡಿದ್ದೇನೆ. ಕೊಟ್ಟವನು ಹೆಸರು ಹೇಳಿ ಕೊಟ್ಟು, ಕುಡಿದವಳು ಬಾಯಿಬಿಟ್ಟು ಹೇಳಿದ್ದರೆ ಈ ಮನೆಯಲ್ಲಿ ಇವತ್ತು ಒಲೆ ನಗುತ್ತಿತ್ತು. ಮೂಲೆಯಲ್ಲಿ ಕವುಚಿ ಬಿದ್ದ ಕಲ್ಲಿಗೆ ಬುದ್ಧಿ ಹೇಳುವ ಚಪಲವೊಂದು ಉಳಿದಿದೆ, ಕೇಳುವವರು ಯಾರು?

ನಿನ್ನೆ ಮುನೀರಾ ಬಂದಿದ್ದಳು, ಹೊಂಬಾಳಮ್ಮನ ಪಕ್ಕದ ಬೇಸಿನ್‌ನವಳು. ಗೋಡೆ ಹಿಡಿದುಕೊಂಡು ಕುಂಟುತ್ತಾ ಜಗಲಿ ಹತ್ತಿದಳು.

"ಅಣ್ಣಾ, ಮಂಡಿಪುಡಿ ಒಂಚೂರು ಕೊಡಣ್ಣ," ಎಂದು ಕೈ ಚಾಚಿದಳು.

ಕೆಂಪರಾಜು ತಲೆ ತಗ್ಗಿಸಿದ. ಹೊಂಬಾಳಮ್ಮ ಒಳಗಿನಿಂದ ಬಾಗಿಲಿನ ಚೌಕಟ್ಟು ಹಿಡಿದು ಎದ್ದು ಬಂದಳು.

"ಅದ್ರಲ್ಲಿ ನೋವಿನ ಮಾತ್ರೆ ಇತ್ತು ಮುನೀರಾ. ಅದನ್ನ ತಿಂದೇ ನಾನು ಹಿಂಗಾಗಿರೋದು. ನನ್ನ ಮುಖ ನೋಡು. ನೀನು ದೊಡ್ಡಾಸ್ಪತ್ರೆಗೆ ಹೋಗಿ ತೋರ್ಸು, ಸ್ವಲ್ಪ ದಿನ ಕಾಲಿಗೆ ಬಿಡುವು ಕೊಡು."

ಮುನೀರಾ ನೋಡಿದಳು. ಊದಿದ ರೆಪ್ಪೆ, ಕತ್ತಿನ ಪಟ್ಟಿ, ಕಪ್ಪಿಟ್ಟ ತುಟಿ, ಎಲ್ಲವನ್ನೂ ನೋಡಿದಳು. ಅವಳ ಕಣ್ಣಿನಿಂದ ನೀರು ಇಳಿಯಿತು.

"ಬಿಡುವು ಎಲ್ಲಿಂದ ತರ್ಲಿ ಅಕ್ಕ? ಮಾತ್ರೆ ಇದ್ರೆ ಇರ್ಲಿ," ಎಂದಳು. "ನಾಳೆ ಬೆಳಗ್ಗೆ ನಾನು ನಿಂತ್ಕೋಬೇಕಲ್ಲ."

ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆಯಲಿಲ್ಲ.